ಸಾಕು ಎನ್ನುವ ಅಣು

ಶಿವಮೊಗ್ಗದಿಂದ ಭದ್ರಾವತಿಗೆ ಬೆಳಗಿನ ಮೊದಲ ಬಸ್ಸು ಹಿಡಿಯುವವರು ಎಚ್ಚರವಾಗಿಯೂ ಇರುವುದಿಲ್ಲ, ನಿದ್ದೆಯಲ್ಲಿಯೂ ಇರುವುದಿಲ್ಲ. ಆ ಚಳಿಗಾಲವಿಡೀ ನಾನು ಆ ಎರಡರ ನಡುವೆ ಕೂತೇ ಕೆಲಸಕ್ಕೆ ಹೋದೆ. ಕಿಟಕಿಯಾಚೆ ಮಂಜು. ಮಂಜಿನೊಳಗೆ ಅರ್ಧ ಲಾರಿ, ತಲೆಗೆ ಟವೆಲ್ ಸುತ್ತಿಕೊಂಡ ಒಂದು ಸೈಕಲ್ಲು, ಯಾರದೋ ಕೆಮ್ಮು. ಕಣ್ಣು ಮುಚ್ಚಿದರೆ ಹಿಂದಿನ ದಿನ ಸೂಕ್ಷ್ಮದರ್ಶಕದಲ್ಲಿ ಕಂಡ ರಕ್ತಕಣಗಳು ತೇಲಿ ಬರುತ್ತಿದ್ದವು. ನಸುಗುಲಾಬಿ ಬಣ್ಣದ ನೂರಾರು ಚಂದ್ರರು, ಕೆಲವು ಚಂದ್ರರೊಳಗೆ ಮಾತ್ರ ಒಂದೊಂದು ನೇರಳೆ ಉಂಗುರ. ಆ ಉಂಗುರವೇ ಮಲೇರಿಯಾ. ಒಂದು ದಿನ ಹೀಗೆ ಉಂಗುರಗಳ ನಡುವೆ ತೇಲುತ್ತಿದ್ದವನು, ಕಂಡಕ್ಟರ್ "ಯಾರ್ರೀ ಇಳಿಯೋರು" ಎಂದದ್ದು ಕೇಳಿ ನಿದ್ದೆಗಣ್ಣಿನಲ್ಲೇ ಅವನದೇ ಧ್ವನಿಯಲ್ಲಿ "ಯಾರೂ ಇಲ್ಲ, ರೈಟ್!" ಎಂದು ಕೂಗಿಬಿಟ್ಟೆ. ಡ್ರೈವರ್ ನಂಬಿದ. ಇಳಿಯಬೇಕಿದ್ದವನು ನಾನೇ.

ಇದು ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲದ ಮಾತು. ನಮ್ಮ ಪ್ರಯೋಗಾಲಯ ಭದ್ರಾವತಿಯ ಹಳೇ ಕ್ವಾರ್ಟರ್ಸ್ ಸಾಲು ಮುಗಿಯುವಲ್ಲಿ, ಹಿಂದೊಮ್ಮೆ ಡಿಸ್ಪೆನ್ಸರಿಯಾಗಿದ್ದ ಹೆಂಚಿನ ಕಟ್ಟಡದಲ್ಲಿತ್ತು. ಕಾರ್ಖಾನೆಯ ಸೈರನ್ ಕೂಗಿದರೆ ಕಪಾಟಿನ ಬೀಕರುಗಳು ಸಣ್ಣಗೆ ಉತ್ತರ ಕೊಡುತ್ತಿದ್ದವು. ಮುಂದಿನ ಹಜಾರ ಲ್ಯಾಬು, ಹಿಂದಿನ ಕೋಣೆ ಇಲಿಮನೆ. ಇಲಿಗಳೆಂದರೆ ಅಕ್ಕಿಮೂಟೆ ಕೊರೆಯುವವಲ್ಲ. ಬಿಳಿ ಮೈಯ, ಕೆಂಪು ಕಣ್ಣಿನ, ಮುಷ್ಟಿಯೊಳಗೆ ಹಿಡಿಸುವಂಥವು. ಮನುಷ್ಯರಿಗೆ ಹತ್ತದ, ಇಲಿಗಳಿಗೇ ಮೀಸಲಾದ ಒಂದು ಮಲೇರಿಯಾ ಉಂಟು. ಅದನ್ನು ಅವುಗಳಿಗೆ ಹತ್ತಿಸಿ, ಅವುಗಳ ಮೈ ಅದರ ಜೊತೆ ಹೇಗೆ ಗುದ್ದಾಡುತ್ತದೆಂದು ನೋಡುವುದು ನಮ್ಮ ಕೆಲಸ. ನನ್ನ ಹುದ್ದೆ ಪ್ರಾಜೆಕ್ಟ್ ಅಸಿಸ್ಟೆಂಟ್. ಮಗ ಏನು ಮಾಡುತ್ತಾನೆಂದು ಯಾರಾದರೂ ಕೇಳಿದರೆ ಅಮ್ಮ "ಸೈಂಟಿಸ್ಟು" ಎನ್ನುತ್ತಿದ್ದಳು, ಅಪ್ಪ "ಇಲಿ ಹಿಡೀತಾನೆ" ಎನ್ನುತ್ತಿದ್ದರು. ಅಪ್ಪನ ಮಾತು ಸತ್ಯಕ್ಕೆ ಹತ್ತಿರವಿತ್ತು.

ಇಡೀ ಕಟ್ಟಡಕ್ಕೆ ನಾವು ನಾಲ್ಕು ಜನ. ಮುಖ್ಯಸ್ಥರನ್ನು ಸರ್ ಎನ್ನುತ್ತಿದ್ದೆವು. ಯಾರು ಏನು ಹೇಳಿದರೂ ಗಂಟಲು ಸರಿಮಾಡಿಕೊಂಡು "ಅದು ಹಾಗಲ್ಲ" ಎನ್ನುವುದು, ಸ್ವಲ್ಪ ಹೊತ್ತಿನ ಮೇಲೆ ಅದನ್ನೇ ತಮ್ಮ ಮಾತಾಗಿ ಹೇಳುವುದು ಅವರ ಪದ್ಧತಿ. ಇಲಿಮನೆ ನೋಡಿಕೊಳ್ಳುತ್ತಿದ್ದ ಹಿರಿಯರ ಮನೆಮಾತು ತಮಿಳು. ಕಾರ್ಖಾನೆಯ ಕೆಲಸಕ್ಕೆಂದು ಅವರ ಅಜ್ಜನ ಕಾಲಕ್ಕೇ ಊರು ಬಿಟ್ಟು ಬಂದ ಕುಟುಂಬ. ಅವರಿಗೆ ನಾನು ತಂಬಿ, ನನಗೆ ಅವರು ಅಣ್ಣ. ನಾಲ್ಕನೆಯವರು ಅಕ್ಕ. ಹೊಳೆಹೊನ್ನೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಪಿಎಚ್‌.ಡಿ. ವಿದ್ಯಾರ್ಥಿನಿ. ಈ ಕಥೆ ಅವರದು. ನನ್ನದು ಹಿನ್ನೆಲೆಯ ಸದ್ದು ಮಾತ್ರ.

ಅಕ್ಕನ ಥೀಸಿಸ್‌ಗೆ ಒಂದೇ ಒಂದು ಅಧ್ಯಾಯ ಬಾಕಿಯಿತ್ತು. ಫೆಲೋಶಿಪ್ ಆ ಬೇಸಿಗೆಗೆ ಮುಗಿಯುವುದಿತ್ತು. ಅಷ್ಟರೊಳಗೆ ಆ ಅಧ್ಯಾಯ ಆಗದಿದ್ದರೆ ಅವರ ಇಷ್ಟು ವರ್ಷದ ಕೆಲಸ ಬೀರುವಿನಲ್ಲಿ ಮಲಗಿಬಿಡುತ್ತಿತ್ತು. ಊರಿನ ಶಾಲೆಯಲ್ಲಿ ಟೀಚರ್ ಕೆಲಸ ಅವರಿಗಾಗಿ ಕಾಯುತ್ತಿತ್ತು. "ಅದೂ ಒಳ್ಳೇ ಕೆಲಸಾನೇ ಮಾರಾಯ. ಆದ್ರೆ ಅರ್ಧ ಬಿಟ್ ಹೋದೋಳು ಅನ್ನಿಸ್ಕೊಂಡು ಹೋಗಲ್ಲ" ಎನ್ನುತ್ತಿದ್ದರು.

ನನಗೊಂದು ರೋಗವಿತ್ತು, ಈಗಲೂ ಇದೆ. ಯಾರ ಧ್ವನಿ ಕಿವಿಗೆ ಬಿದ್ದರೂ ಅದು ಬಾಯಿಂದ ಹೊರಗೆ ಬರುವವರೆಗೆ ಸಮಾಧಾನವಿಲ್ಲ. ಬಾಗಿಲ ಆಚೆ ನಿಂತು ಸರ್ ಥರ ಗಂಟಲು ಸರಿಮಾಡಿದರೆ ಸಾಕು, ಒಳಗೆ ಅಣ್ಣ ಬೀಡಿಯನ್ನು ಕಾಲಡಿ ಹಾಕಿ ಹೊಸಕಿ ಪೊರಕೆ ಹಿಡಿಯುತ್ತಿದ್ದರು. ನಾನೆಂದು ಗೊತ್ತಾದ ಮೇಲೆ ಪೊರಕೆಯ ದಿಕ್ಕು ಬದಲಾಗುತ್ತಿತ್ತು. "ತಂಬೀ, ಒಂದಿನ ನಿಜವಾದ ಸಾರ್ ಬಂದು ಕೆಮ್ತಾರೆ, ನಾನು ನೀನೇ ಅಂತ ತಿಳ್ಕೊಂಡು ಬೈದ್ಬಿಡ್ತೀನಿ. ಪೆನ್ಷನ್ ನೀನ್ ಕೊಡ್ತೀಯಾ?"

ನಮ್ಮ ಸಂಶೋಧನೆಯನ್ನೂ ನಾನು ಧ್ವನಿಗಳಲ್ಲೇ ಅರ್ಥ ಮಾಡಿಕೊಂಡಿದ್ದೆ. ಮೈಯನ್ನು ಕಾಯುವ ಜೀವಕೋಶಗಳು ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ. ಬಾಯಿಲ್ಲದ್ದರಿಂದ ಪುಟ್ಟ ಪುಟ್ಟ ಅಣುಗಳನ್ನು ರಕ್ತಕ್ಕೆ ಬಿಡುತ್ತವೆ. ಅವಕ್ಕೆ ಸೈಟೊಕೈನ್ ಎನ್ನುತ್ತಾರೆ. ಮಲೇರಿಯಾದ ಪರೋಪಜೀವಿ ಒಳಹೊಕ್ಕ ಕೂಡಲೇ ಇಂಟರ್‌ಲ್ಯೂಕಿನ್ ಹನ್ನೆರಡು ಎಂಬ ಅಣು ಎಲ್ಲರನ್ನೂ ಎಬ್ಬಿಸುತ್ತದೆ. ಅದಕ್ಕೆ ನಾನು ಬಸ್‌ಸ್ಟ್ಯಾಂಡಿನ ಏಜೆಂಟನ ಧ್ವನಿ ಕೊಟ್ಟಿದ್ದೆ: "ಬನ್ನಿ ಬನ್ನಿ ಬನ್ನಿ, ಹೊರ್ಟೇಬಿಡ್ತು!" ಇಂಟರ್ಫೆರಾನ್ ಗಾಮಾ ಕೆಲಸಕ್ಕೆ ಹಚ್ಚುವ ಮೇಸ್ತ್ರಿ. ಟಿ.ಎನ್.ಎಫ್. ಎಂಬ ಅಣು ಕಾರ್ಖಾನೆ ಗೇಟಿನ ಮುಂದೆ ಮೈಕು ಹಿಡಿದ ಮುಖಂಡ. ಅದು ಕೂಗಿದರೆ ಮೈಯೆಲ್ಲ ಕಿಚ್ಚು. ಕೊನೆಗೆ ಬರುವುದು ಇಂಟರ್‌ಲ್ಯೂಕಿನ್ ಹತ್ತು. ಅದಕ್ಕೆ ನಮ್ಮ ಬೀದಿಯ ಕಿರಾಣಿ ಅಂಗಡಿಯ ಹಿರಿಯರ ಧ್ವನಿ. ಯಾರ ಜಗಳವಿದ್ದರೂ ನಡುವೆ ಬಂದು "ಹೋಗ್ಲಿ ಬಿಡ್ರೋ ಮಾರಾಯ್ರಾ, ಸಾಕು" ಎನ್ನುವವರು.

ಅಕ್ಕನ ಅಧ್ಯಾಯದ ಪ್ರಶ್ನೆ ಸರಳವಾಗಿತ್ತು. ಈ ಹತ್ತು ಎಂಬ ಹಿರಿಯರನ್ನು ಬಾಯಿ ಕಟ್ಟಿ ಕೂರಿಸಿದರೆ ಏನಾಗುತ್ತದೆ? ಬಾಯಿ ಕಟ್ಟುವುದಕ್ಕೆ ಒಂದು ಪ್ರತಿಕಾಯ, ಅಂದರೆ ಆ ಒಂದು ಅಣುವನ್ನೇ ಹುಡುಕಿ ತಬ್ಬಿಕೊಂಡು ಕೆಲಸ ನಿಲ್ಲಿಸುವ ಪ್ರೋಟೀನು ನಮ್ಮಲ್ಲಿತ್ತು. ಸಾಕು ಎನ್ನುವವರಿಲ್ಲದಿದ್ದರೆ ಸೈನ್ಯ ಇನ್ನೂ ಚೆನ್ನಾಗಿ ಕಾದೀತು, ಇಲಿಗಳು ಬೇಗ ಗುಣವಾದಾವು ಎಂಬುದು ಸರ್ ಅವರ ಊಹೆ. ನಮ್ಮದೂ ಅದೇ. ಊಹೆ ಮಾಡುವ ಕೆಲಸ ಸರ್ ಅವರದು, ಒಪ್ಪುವ ಕೆಲಸ ನಮ್ಮದು.

ಎರಡು ಗುಂಪು ಮಾಡಿದೆವು. ಒಂದಕ್ಕೆ ಹತ್ತನ್ನು ತಡೆಯುವ ಪ್ರತಿಕಾಯ, ಇನ್ನೊಂದಕ್ಕೆ ಏನನ್ನೂ ತಡೆಯದ ಸಾದಾ ಪ್ರತಿಕಾಯ. ಇಲಿಗಳ ಗುರುತಿಗೆ ಪಿಕ್ರಿಕ್ ಆಸಿಡ್ಡಿನ ಹಳದಿ ಹಚ್ಚುತ್ತಿದ್ದೆವು: ಒಂದಕ್ಕೆ ತಲೆಗೆ, ಒಂದಕ್ಕೆ ಬೆನ್ನಿಗೆ, ಒಂದಕ್ಕೆ ಬಾಲದ ಬುಡಕ್ಕೆ. ಹಚ್ಚುವಾಗ ನಾನು ಮದುವೆ ಮನೆಯ ಅತ್ತೆಯಂದಿರ ಧ್ವನಿಯಲ್ಲಿ "ಹುಡುಗಿ ಸ್ವಲ್ಪ ಸಣ್ಣ ಆದ್ಲಲ್ವಾ" ಎನ್ನುತ್ತಿದ್ದೆ. ಅಕ್ಕ ನಗುತ್ತಿರಲಿಲ್ಲ, ಆದರೆ ಬ್ರಶ್ಶು ಹಿಡಿದ ಅವರ ಕೈ ಅಲುಗಿ ಯಾವುದಾದರೂ ಇಲಿಯ ಮೂತಿಗೂ ಹಳದಿ ಹತ್ತುತ್ತಿತ್ತು.

ಸೋಂಕು ಕೊಟ್ಟ ಮೇಲೆ ದಿನಾ ಬೆಳಿಗ್ಗೆ ಒಂದೇ ಕ್ರಮ. ಇಲಿಯ ಬಾಲದ ತುದಿಯಿಂದ ಒಂದು ಹನಿ ರಕ್ತ. ಹನಿಯ ಮೇಲೆ ಇನ್ನೊಂದು ಗಾಜು ಓರೆಯಾಗಿ ಮುಟ್ಟಿಸಿ, ರಕ್ತ ಅಂಚಿಗೆ ಹರಡುವವರೆಗೆ ಕಾದು, ಒಂದೇ ಎಳೆತಕ್ಕೆ ಮುಂದಕ್ಕೆ ಜಾರಿಸಬೇಕು. ಉಸಿರು ಬಿಟ್ಟರೆ ಗೆರೆ ಬೀಳುತ್ತದೆ. ಒಣಗಿದ ಮೇಲೆ ಮೆಥನಾಲ್, ಆಮೇಲೆ ಗೀಮ್ಸಾ ಎಂಬ ನೇರಳೆ ಬಣ್ಣ. ನಮ್ಮ ಬೆರಳಿನ ತುದಿಗಳು ಆ ತಿಂಗಳುಗಳಲ್ಲಿ ಊಟಕ್ಕೆ ಕೂತಾಗಲೂ ನೇರಳೆಯೇ. ಎಣಿಸುವವರಿಗೆ ಯಾವ ಸ್ಲೈಡು ಯಾವ ಗುಂಪಿನದೆಂದು ತಿಳಿಯಬಾರದು. ಅದಕ್ಕೆ ಅಕ್ಕ ಗುರುತಿನ ಮೇಲೆ ಅಂಟುಪಟ್ಟಿ ಹಚ್ಚಿ ಮುಚ್ಚಿಡುತ್ತಿದ್ದರು. ಎಣಿಸುತ್ತಿದ್ದವನು ನಾನು.

ಮಧ್ಯಾಹ್ನ ಕರೆಂಟು ಹೋಗುವುದು ಖಾತ್ರಿ. ಆಗ ಸೂಕ್ಷ್ಮದರ್ಶಕದ ಬಲ್ಬು ತೆಗೆದು, ಅಡಿಗೆ ಹಳೆಯ ಗುಂಡು ಕನ್ನಡಿ ಸಿಕ್ಕಿಸಿ, ಕಿಟಕಿಯ ಬೆಳಕನ್ನೇ ಮೇಲಕ್ಕೆ ತಿರುಗಿಸುತ್ತಿದ್ದೆ. ಆ ಹೊತ್ತುಗಳು ನನಗೆ ಇಂದಿಗೂ ಕನಸಿನ ಥರ. ಆಕಾಶದಲ್ಲಿ ಮೋಡ ಹೋದರೆ ಇಲಿಯ ರಕ್ತದ ಮೇಲೂ ಮೋಡ ಹೋಗುತ್ತಿತ್ತು. ಚಂದ್ರರೆಲ್ಲ ಮಸುಕಾಗಿ, ಮತ್ತೆ ಒಂದೊಂದಾಗಿ ಬೆಳಗಿ, ಉಂಗುರಗಳು ಹೊಳೆಯುತ್ತಿದ್ದವು. ಕಾಗೆಯೊಂದು ಹಾರಿದರೆ ಅದರ ನೆರಳು ಒಂದು ಚಂದ್ರನಿಂದ ಇನ್ನೊಂದಕ್ಕೆ ಜಿಗಿಯುತ್ತಿತ್ತು. ಎಣಿಕೆಯ ಗುಂಡಿ ಒತ್ತುವ ಹೆಬ್ಬೆರಳು ತನ್ನಷ್ಟಕ್ಕೆ ಟಿಕ್ ಟಿಕ್ ಎನ್ನುತ್ತಿತ್ತು. ನಾನು ಎಲ್ಲೋ ಇರುತ್ತಿದ್ದೆ. "ಎಲ್ಲಿದೀಯೋ?" ಎಂದು ಅಕ್ಕ ಕೇಳಿದರೆ "ಚಂದ್ರಲೋಕದಲ್ಲಿ, ಉಂಗುರ ಮಾರ್ತಿದೀನಿ" ಎನ್ನುತ್ತಿದ್ದೆ. "ಕಮ್ಮಿ ಮಾರು. ನಂಗೆ ಕಮ್ಮಿ ಉಂಗುರ ಬೇಕು."

ಕಡಿಮೆಯೇ ಆದವು. ಒಂದು ಸಂಜೆ ಅಂಟುಪಟ್ಟಿಗಳನ್ನು ಬಿಚ್ಚಿ ಲೆಕ್ಕ ಜೋಡಿಸಿದಾಗ, ಹತ್ತನ್ನು ತಡೆದ ಗುಂಪಿನಲ್ಲಿ ಉಂಗುರಗಳು ನಿಜಕ್ಕೂ ಕಡಿಮೆಯಿದ್ದವು. ಬಹಳ ಅಲ್ಲ, ಆದರೆ ಕಡಿಮೆಯೇ. ಸರ್ ಗಂಟಲು ಸರಿಮಾಡಿಕೊಂಡರು, ಆದರೆ "ಅದು ಹಾಗಲ್ಲ" ಎನ್ನಲಿಲ್ಲ! ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು. ಮೈಸೂರಿನಲ್ಲಿ ನಡೆಯುವ ಒಂದು ಸಭೆಯಲ್ಲಿ ಇದನ್ನು ಹೇಳುತ್ತೇನೆಂದು ಸರ್ ಮರುದಿನವೇ ಹೊರಟರು. ಹೊರಡುವ ಮುನ್ನ ಎಲ್ಲರಿಗೂ ಖಾರಾಬೂಂದಿ ತರಿಸಿದರು.

ಆ ಹೊತ್ತಿಗೆ ಹತ್ತನ್ನು ತಡೆದ ಗುಂಪಿನಲ್ಲಿ ಒಂದು ಇಲಿ ಸತ್ತಿತ್ತು. ನನ್ನ ಸೂಜಿ ತಪ್ಪಿರಬೇಕೆಂದು ತೀರ್ಮಾನವಾಗಿತ್ತು. ನನ್ನ ಮೇಲೆ ಹಾಕಿದರೆ ಯಾರಿಗೂ ನೋವಿಲ್ಲ. ಸರ್ ಹೋದ ಮರುದಿನ ಬೆಳಿಗ್ಗೆ ಇನ್ನೊಂದು ಸತ್ತಿತ್ತು. "ಚಳಿ ತಂಬೀ, ಹೆಂಚಿನ ಮನೆ" ಎಂದರು ಅಣ್ಣ. ಭತ್ತದ ಹೊಟ್ಟು ಇನ್ನೊಂದು ಬೊಗಸೆ ಹಾಕಿದರು. ನಾನು ಮಾತ್ರ ಒಳಗೊಳಗೇ ಬೀಗುತ್ತಿದ್ದೆ. ಯಾಕೆಂದರೆ ಆ ವಾರ ರಕ್ತ ತೆಗೆಯುವಾಗ ಎಷ್ಟೋ ಇಲಿಗಳು ಒದ್ದಾಡುತ್ತಲೇ ಇರಲಿಲ್ಲ. ಅಂಗೈಯಲ್ಲಿ ಒದ್ದೆ ಹತ್ತಿಯ ಹಾಗೆ ಸುಮ್ಮನೆ ಮಲಗಿರುತ್ತಿದ್ದವು. "ನೋಡಿ ಅಕ್ಕ, ಕೈ ಹೇಗೆ ಪಳಗಿದೆ. ಇಲಿಗಳಿಗೆ ಗೊತ್ತಾಗೋದೇ ಇಲ್ಲ" ಎಂದು ಕೊಚ್ಚಿಕೊಂಡೆ.

ಅವತ್ತು ಮಧ್ಯಾಹ್ನ ಕರೆಂಟು ಇರಲಿಲ್ಲ, ಮೋಡ ಕವಿದು ಕನ್ನಡಿಗೂ ಬೆಳಕಿರಲಿಲ್ಲ. ಅಕ್ಕ, ಅಣ್ಣ, ನಾನು ಹಿಂದಿನ ಜಗಲಿಯಲ್ಲಿ ಬುತ್ತಿ ಬಿಚ್ಚಿಕೊಂಡು ಕೂತೆವು. ಅಕ್ಕನ ಡಬ್ಬಿಯ ಅಕ್ಕಿರೊಟ್ಟಿಯಲ್ಲಿ ನನ್ನ ಪಾಲು ಸಂಪಾದಿಸಲು ನಾನು ಎಂದಿನಂತೆ ಸೈಟೊಕೈನುಗಳ ಆಟ ಶುರುಮಾಡಿದೆ. ಏಜೆಂಟ್ ಕೂಗಿದ, ಮೇಸ್ತ್ರಿ ಗದರಿದ, ಮುಖಂಡ ಮೈಕು ಹಿಡಿದ. ಕೊನೆಗೆ ಅಂಗಡಿಯ ಹಿರಿಯರು ಬಂದು "ಸಾಕು" ಎಂದರು. ಎಲ್ಲ ತಣ್ಣಗಾಯಿತು. ರೊಟ್ಟಿ ಸಿಕ್ಕಿತು.

"ಈಗ ಹತ್ತನ್ನ ತೆಗ್ದು ಮಾಡು ನೋಡಣ" ಎಂದರು ಅಕ್ಕ, ರೊಟ್ಟಿ ಮುರಿಯುತ್ತ. ತಮಾಷೆಗೇ ಕೇಳಿದ್ದು.

ಶುರುಮಾಡಿದೆ. ಏಜೆಂಟ್ ಕೂಗಿದ. ಮೇಸ್ತ್ರಿ ಗದರಿದ. ಮುಖಂಡ "ಬೇಕೇ ಬೇಕು" ಎಂದ. ಏಜೆಂಟ್ ಅದನ್ನು ಕೇಳಿ ಇನ್ನೂ ಜೋರಾಗಿ ಕೂಗಿದ, ಅದಕ್ಕೆ ಮೇಸ್ತ್ರಿ ಇನ್ನಷ್ಟು ಜನ ಕರೆಸಿದ, ಅವರೆಲ್ಲ ಸೇರಿ ಮುಖಂಡನಿಗೆ ಜೈ ಎಂದರು. ನಾನೊಬ್ಬನೇ ಮೂವತ್ತು ಜನರಾದೆ. ಪರೋಪಜೀವಿಯದೊಂದು ಕೀರಲು ಧ್ವನಿಯಿತ್ತು. ಅದು ಯಾವಾಗಲೋ ಓಡಿಹೋಗಿತ್ತು. ಆದರೂ ಗಲಾಟೆ ನಿಲ್ಲುತ್ತಿಲ್ಲ. ನಿಲ್ಲಿಸುವುದು ಹೇಗೆಂದು ನನಗೇ ತಿಳಿಯಲಿಲ್ಲ. ಯಾರ ಬಾಯಲ್ಲೂ ಮುಗಿಸುವ ಮಾತಿರಲಿಲ್ಲ. ಗಂಟಲು ಹರಿಯಿತು, ಕಣ್ಣಲ್ಲಿ ನೀರು ಬಂತು, ಕೆಮ್ಮು ಹತ್ತಿತು.

"ನಿಲ್ಸು ತಂಬೀ! ಪಕ್ಕದ ಮನೆಯೋರು ಪೊಲೀಸ್ ಕರೀತಾರೆ" ಎಂದು ಅಣ್ಣ ನೀರಿನ ಚೊಂಬು ಕೈಗಿಟ್ಟರು.

ನೀರು ಕುಡಿದು ನಗುತ್ತ ತಿರುಗಿದರೆ ಅಕ್ಕ ನಗುತ್ತಿರಲಿಲ್ಲ. "ಮೊದ್ಲು ಓಡಿಹೋಗಿದ್ದು ಯಾರು?" ಎಂದರು.

"ಪರೋಪಜೀವಿ."

"ಆಮೇಲೂ ಹೊಡೀತಾನೇ ಇದ್ರಲ್ಲ. ಯಾರಿಗೆ ಹೊಡೀತಿದ್ರು?"

ಅಕ್ಕ ಡಬ್ಬಿ ಮುಚ್ಚದೆ ಎದ್ದು ಇಲಿಮನೆಗೆ ಹೋದರು. ಹಿಂದೆಯೇ ನಾನು.

ಅಕ್ಕ ಮೊದಲು ಸಾದಾ ಗುಂಪಿನ ಪಂಜರಕ್ಕೆ ಕೈ ಹಾಕಿದರು. ರಕ್ತದಲ್ಲಿ ಹೆಚ್ಚು ಉಂಗುರ ಹೊತ್ತ ಇಲಿಗಳು ಅವು. ಮೈ ಮುದುಡಿಕೊಂಡಿದ್ದರೂ ಬೆರಳು ಕಂಡ ಕೂಡಲೇ ಮೂಲೆಗೆ ಓಡಿದವು. ಆಮೇಲೆ ಇನ್ನೊಂದು ಪಂಜರ. ಉಂಗುರ ಕಡಿಮೆಯಿದ್ದ, ನಾವು ಖಾರಾಬೂಂದಿ ತಿಂದು ಸಂಭ್ರಮಿಸಿದ ಇಲಿಗಳು. ಒಂದೂ ಅಲುಗಲಿಲ್ಲ. ಅಕ್ಕ ಒಂದನ್ನು ಎತ್ತಿ ನನ್ನ ಅಂಗೈಗಿಟ್ಟರು. "ಇದು ನಿನ್ನ ಪಳಗಿದ ಕೈ" ಎಂದರು. ಅದು ತಣ್ಣಗಿತ್ತು. ಬೆಳಿಗ್ಗೆ ಕೈಗವಸು ಹಾಕಿಕೊಂಡಿದ್ದವನಿಗೆ ಅದು ತಿಳಿದಿರಲಿಲ್ಲ.

ಬೀರುವಿನಲ್ಲಿ ತೆಳು ತಂತಿಯ ತುದಿಯ ಥರ್ಮಾಮೀಟರೊಂದು ಮಲಗಿತ್ತು. ರಕ್ತದ ಸ್ಲೈಡೇ ಎಲ್ಲ ಹೇಳುತ್ತದೆಂದು ಸರ್ ನಂಬಿದ್ದರಿಂದ ಅದನ್ನು ಯಾರೂ ಹೊರಗೆ ತೆಗೆದಿರಲಿಲ್ಲ. ತೆಗೆದು ನೋಡಿದೆವು. ಇಲಿಯ ಮೈ ನಮ್ಮ ಮೈಯಷ್ಟೇ, ಮೂವತ್ತೇಳು ಡಿಗ್ರಿ ಬಿಸಿ ಇರಬೇಕು. ಇವು ಮೂವತ್ತರ ಹತ್ತಿರ ಇಳಿದಿದ್ದವು. ಒಳಗಿನ ಕಿಚ್ಚು ಮಿತಿಮೀರಿದರೆ ಇಲಿಯಂಥ ಪುಟ್ಟ ಮೈ ಕಾಯುವುದಿಲ್ಲ, ತಣ್ಣಗಾಗುತ್ತದೆ. ಮಲೇರಿಯಾ ಅವನ್ನು ಕೊಲ್ಲುತ್ತಿರಲಿಲ್ಲ. ಅವುಗಳ ಮೈಯೇ ಅವನ್ನು ಕೊಲ್ಲುತ್ತಿತ್ತು. ನಾವು ಇಷ್ಟು ದಿನ ಚಂದ್ರರನ್ನು ಎಣಿಸುತ್ತ ಕೂತು ಇಲಿಯನ್ನೇ ನೋಡಿರಲಿಲ್ಲ.

"ಟಿ.ಎನ್.ಎಫ್." ಎಂದರು ಅಕ್ಕ, ತಮಗೇ ಹೇಳಿಕೊಳ್ಳುವವರಂತೆ. "ಮೈಕು ಕಿತ್ಕೋಬೇಕು."

ಮೈಕು ಕಿತ್ತುಕೊಳ್ಳುವ ಪ್ರತಿಕಾಯವೂ ನಮ್ಮಲ್ಲಿತ್ತು. ಒಂದೇ ಶೀಶೆ. ಹೊರದೇಶದ ಲ್ಯಾಬಿನಿಂದ ಸರ್ ಸ್ನೇಹಿತರೊಬ್ಬರು ಫ್ಲಾಸ್ಕಿನಲ್ಲಿ ಐಸ್ ತುಂಬಿ ತಂದುಕೊಟ್ಟದ್ದು, ಮತ್ತೆ ಸಿಗುವಂಥದ್ದಲ್ಲ. ಅದು ಮುಂದಿನ ತಿಂಗಳಿಗೆಂದು ಫ್ರೀಜರಿನಲ್ಲಿ ಕಾಯುತ್ತಿತ್ತು: ಹೊಸ ಇಲಿಗಳು, ದೊಡ್ಡ ಗುಂಪುಗಳು, ಮೊದಲ ದಿನದಿಂದ ಅಚ್ಚುಕಟ್ಟಾಗಿ. ಅಕ್ಕನ ಅಧ್ಯಾಯ ಅಲ್ಲಿಗೆ ಮುಗಿಯಬೇಕಿತ್ತು. ಒಮ್ಮೆ ಕರಗಿದರೆ ಮತ್ತೆ ಹೆಪ್ಪುಗಟ್ಟಿಸುವ ಹಾಗಿಲ್ಲ. ಈಗ ತೆರೆದರೆ ಮುಂದಿನ ತಿಂಗಳ ದೊಡ್ಡ ಗುಂಪುಗಳಿಗೆ ಸಾಲುವಷ್ಟು ಉಳಿಯುವುದಿಲ್ಲ. ತೆರೆಯದಿದ್ದರೆ ಈ ಇಲಿಗಳು ಯಾಕೆ ಸತ್ತವೆಂಬುದಕ್ಕೆ ಉತ್ತರವಿಲ್ಲ, ಮೈಸೂರಿನಲ್ಲಿ ಸರ್ ಹೇಳುವ ಅರ್ಧ ಸತ್ಯವೇ ಥೀಸಿಸ್‌ಗೂ ಹೋಗುತ್ತದೆ.

ಫ್ರೀಜರಿನ ಕೀಲಿ ಅಣ್ಣನ ಸೊಂಟದಲ್ಲಿತ್ತು. ಸರ್ ಮಾತಿಲ್ಲದೆ ಅದು ಬಿಚ್ಚುತ್ತಿರಲಿಲ್ಲ.

"ಅಕ್ಕ, ನಾನು ಹೊರಗಿಂದ ಫೋನ್ ಮಾಡಿ ಸರ್ ಥರ ಒಂದ್ ಮಾತ್ ಹೇಳ್ತೀನಿ. ಎರಡ್ನಿಮಿಷದ ಕೆಲಸ" ಎಂದೆ.

"ಬಾಯ್ ಮುಚ್ಕೊಂಡು ಚಪ್ಪಲಿ ಹಾಕ್ಕೋ. ನಿಜವಾದವರ ಹತ್ರಾನೇ ಕೇಳ್ತೀನಿ."

ಎಸ್‌.ಟಿ.ಡಿ. ಬೂತಿನ ಗಾಜಿನ ಡಬ್ಬಿಯೊಳಗೆ ಇಬ್ಬರೂ ತೂರಿಕೊಂಡೆವು. ಸರ್ ಉಳಿದುಕೊಂಡಿದ್ದ ಅತಿಥಿಗೃಹದವರು ಅವರನ್ನು ಕರೆತರುವಷ್ಟರಲ್ಲಿ ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು. ರಿಸೀವರಿನಿಂದ ಗಂಟಲು ಸರಿಮಾಡಿಕೊಂಡ ಸದ್ದು ನನಗೂ ಕೇಳಿಸಿತು.

"ಅದು ಹಾಗಲ್ಲಮ್ಮ. ಪರೋಪಜೀವಿ ಕಮ್ಮಿ ಆಗಿದೆ. ನಾಳೆ ನಾನು ಅದನ್ನೇ ಹೇಳೋದು."

"ಕಮ್ಮಿ ಇರೋ ಇಲಿಗಳೇ ಸಾಯ್ತಿದಾವೆ ಸರ್."

"ಚಳಿ ಇರ್ಬೇಕು."

"ಪಕ್ಕದ ಪಂಜರಕ್ಕೂ ಅದೇ ಚಳಿ ಸರ್."

ಸರ್ ಈ ಸಲ, ನಾನು ಒಮ್ಮೆಯೂ ಕೇಳದ, ಅನುಕರಣೆಗೆ ಸಿಗದ ಒಂದು ಸಣ್ಣ ಧ್ವನಿಯಲ್ಲಿ ಹೇಳಿದರು: "ಉಳಿದಿರೋದು ಆರು ಇಲಿ. ಅಷ್ಟರಲ್ಲಿ ಮಾಡಿದ್ರೆ ಪರೀಕ್ಷಕರು ನಗ್ತಾರೆ. ಮಾಡದಿದ್ರೆ... ನಿನ್ನ ಅಧ್ಯಾಯ ಅದು. ನೀನೇ ನಿರ್ಧಾರ ಮಾಡು. ಏನ್ ಮಾಡಿದ್ರೂ ನಾನು ನಿನ್ನ ಕಡೆ."

ವಾಪಸು ಬಂದಾಗ ಅಣ್ಣ ಬಾಗಿಲಿಗೆ ಅಡ್ಡ ನಿಂತಿದ್ದರು. "ಸಾರ್ ಹೇಳಿದ್ರಾ, ತಂಬಿ ಹೇಳಿದ್ನಾ?"

"ಸರ್ರೇ ಹೇಳಿದ್ದು. ನನ್ನ ಕಿವೀಲಿ ಕೇಳ್ದೆ" ಎಂದರು ಅಕ್ಕ. ಅಣ್ಣ ನನ್ನನ್ನು ಬಹಳ ಹೊತ್ತು ನೋಡಿ ಕೀಲಿ ಬಿಚ್ಚಿದರು.

ಶೀಶೆ ಐಸಿನ ಮೇಲೆ ಕರಗುತ್ತಿತ್ತು. ಹೆಬ್ಬೆರಳಿನಷ್ಟು ಗಾಜು, ತಳದಲ್ಲಿ ಬಣ್ಣವಿಲ್ಲದ ಚೂರು ನೀರು. ನಾನು ಆರು ಸಿರಿಂಜು ಜೋಡಿಸಿದೆ. ಅಕ್ಕ ಮೂರನ್ನು ಪಕ್ಕಕ್ಕಿಟ್ಟರು.

"ಆರಕ್ಕೂ ಕೊಡಲ್ವಾ?"

"ಮೂರಕ್ಕೆ ಇದು, ಮೂರಕ್ಕೆ ಸಾದಾ."

"ಅಕ್ಕ, ಇರೋದೇ ಆರು. ಎಲ್ಲಕ್ಕೂ ಕೊಟ್ಟು ಉಳಿಸ್ಕೊಳ್ಳಣ."

"ಎಲ್ಲಕ್ಕೂ ಕೊಟ್ಟು ಎಲ್ಲ ಉಳಿದ್ರೆ, ಇದ್ರಿಂದ್ಲೇ ಉಳಿದ್ವು ಅಂತ ಹೇಗ್ ಹೇಳ್ತೀಯ? ತಾವಾಗೇ ಉಳಿದ್ವು ಅಂತ ಯಾರಾದ್ರೂ ಅಂದ್ರೆ?" ಅವರ ಧ್ವನಿ ಗಟ್ಟಿಯಾಗಿತ್ತು, ಮುಖ ಗಟ್ಟಿಯಾಗಿರಲಿಲ್ಲ. "ಶೀಶೆಯೂ ಹೋಗಿ, ಉತ್ತರಾನೂ ಹೋಗ್ಬಾರ್ದು."

ಯಾವ ಮೂರು ಎಂದು ಆರಿಸಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಆರಿಸಲೂಬಾರದು, ಆರಿಸಿದರೆ ಗಟ್ಟಿಯಾದವಕ್ಕೇ ಕೈ ಹೋಗುತ್ತದೆ. ಗುರುತುಗಳನ್ನು ಚೀಟಿಯಲ್ಲಿ ಬರೆದು ಮಡಚಿ, ಅಣ್ಣನ ಕೈಯಲ್ಲಿ ಎತ್ತಿಸಿದೆವು. ತಲೆ ಹಳದಿಯದು ಸಾದಾ ಕಡೆ ಹೋಯಿತು. ಅದು ನನ್ನ ಅಂಗೈಯಲ್ಲಿ ತಣ್ಣಗೆ ಮಲಗಿದ್ದ ಇಲಿ. ಆ ಸಂಜೆ ಸೂಜಿ ಹಿಡಿದು ಒಂದೊಂದನ್ನು ಎತ್ತುವಾಗ ನನ್ನ ಬಾಯಿಗೆ ಯಾರ ಧ್ವನಿಯೂ ಬರಲಿಲ್ಲ.

ಮರುದಿನ ಬೆಳಗಿನ ಬಸ್ಸಿನಲ್ಲಿ ನಾನು ಪೂರ್ತಿ ಎಚ್ಚರವಿದ್ದೆ. ಮಂಜು ಅದೇ, ಆದರೆ ಅದರೊಳಗೆ ಏನೂ ತೇಲಲಿಲ್ಲ. ಅಕ್ಕ ನನಗಿಂತ ಮೊದಲೇ ಬಂದು ಇಲಿಮನೆಯ ಬಾಗಿಲಲ್ಲಿ ಸುಮ್ಮನೆ ನಿಂತಿದ್ದರು. ಒಳಗೆ ಹೋಗಿರಲಿಲ್ಲ. "ನೀನೂ ಬರ್ಲಿ ಅಂತ" ಎಂದರು.

ಟಿ.ಎನ್.ಎಫ್. ತಡೆದ ಮೂರೂ ಎದ್ದು ಕೂತಿದ್ದವು. ಒಂದು ಮುಂಗಾಲಿನಲ್ಲಿ ಮೂತಿ ತೊಳೆದುಕೊಳ್ಳುತ್ತಿತ್ತು. ಥರ್ಮಾಮೀಟರಿನ ಅಂಕಿ ಹತ್ತಿತು, ಇನ್ನೂ ಹತ್ತಿತು, ನಮ್ಮ ಮೈಯ ಬಿಸಿಗೆ ಸ್ವಲ್ಪವೇ ಕೆಳಗೆ ನಿಂತಿತು. ಸಾದಾ ಸಿಕ್ಕ ಮೂರರಲ್ಲಿ ಒಂದು ಸತ್ತಿತ್ತು. ಉಳಿದೆರಡು ತಣ್ಣಗಿದ್ದವು, ಒಂದರ ಉಸಿರು ಕಾಣಲು ಬಗ್ಗಿ ನೋಡಬೇಕಿತ್ತು. ಎಲ್ಲದರ ರಕ್ತ ತೆಗೆದು, ಬಣ್ಣ ಹಾಕಿ, ಎಣಿಸಿದೆ. ಎರಡೂ ಕಡೆ ಉಂಗುರಗಳು ಹೆಚ್ಚುಕಡಿಮೆ ಅಷ್ಟೇ. ಶತ್ರು ಅಷ್ಟೇ ಇದ್ದಾನೆ, ಒಂದು ಮನೆ ಉಳಿದಿದೆ, ಇನ್ನೊಂದು ಸುಡುತ್ತಿದೆ. ವ್ಯತ್ಯಾಸ ಒಂದು ಮೈಕು ಮಾತ್ರ.

ಅಕ್ಕ ಸ್ಟೂಲಿನ ಮೇಲೆ ಕೂತು ನೇರಳೆ ಬೆರಳುಗಳನ್ನು ನೋಡಿಕೊಂಡರು. "ಅಧ್ಯಾಯ ಆಯ್ತು ಕಣೋ. ಚಿಕ್ಕದು. ನಗೋರು ನಗ್ಲಿ, ಸುಳ್ಳಂತೂ ಅಲ್ಲ." ಸಭೆಗೆ ಮುನ್ನ ಸರ್ ಸಿಕ್ಕರೆ ಎಂದು ಮತ್ತೆ ಬೂತಿಗೆ ಓಡಿದೆವು. ಸಿಕ್ಕರು. ಪೂರ್ತಿ ಕೇಳಿಸಿಕೊಂಡು, "ಹಾಗಾದ್ರೆ ನಾನು ಹೇಳ್ಬೇಕಂತ ಇದ್ದದ್ದು ಹಾಗಲ್ಲ" ಎಂದರು.

ಶೀಶೆಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಹೆಪ್ಪುಗಟ್ಟಿಸಲಾಗದಿದ್ದರೂ ಫ್ರಿಜ್ಜಿನಲ್ಲಿ ಕೆಲವು ವಾರ ಬಾಳುತ್ತದೆ. ಇನ್ನೊಂದು ಪುಟ್ಟ ಗುಂಪಿನಲ್ಲಿ ಇದನ್ನೇ ಮತ್ತೆ ಮಾಡಿ ತೋರಿಸಿದರೆ ನಗುವವರ ಬಾಯಿ ಮುಚ್ಚಿಸಬಹುದೆಂದು ನಿನ್ನೆಯೇ ಲೆಕ್ಕ ಹಾಕಿ ಉಳಿಸಿದ್ದು. ನಾನದನ್ನು ಫ್ರಿಜ್ಜಿಗಿಡಲು ಎತ್ತಿಕೊಂಡೆ. ಅಕ್ಕ ಕೈ ಚಾಚಿ ಇಸಿದುಕೊಂಡು ಎರಡು ಸಿರಿಂಜಿಗೆ ಎಳೆದರು.

"ಅಕ್ಕ, ಅದು ಮತ್ತೊಮ್ಮೆ ಮಾಡೋದಕ್ಕಲ್ವಾ?"

"ಮತ್ತೊಮ್ಮೆ ಮಾಡ್ಬೇಕಂದ್ರೆ ಮೊದ್ಲು ಇನ್ನೊಂದಿಷ್ಟು ಇಲಿಗಳನ್ನ ಹೀಗೇ ತಣ್ಣಗೆ ಮಾಡ್ಬೇಕಲ್ವೇನೋ?" ಎಂದು ತಲೆ ಹಳದಿಯದನ್ನು ಎತ್ತಿಕೊಂಡರು. "ಇವೆರಡು ಲೆಕ್ಕದಿಂದ ಹೊರಗೆ. ಇವತ್ತಿಂದ ಇವು ಯಾವ ಗುಂಪೂ ಅಲ್ಲ."

ಎರಡರಲ್ಲಿ ಒಂದು ಸಂಜೆಗೆ ಸತ್ತಿತು. ತಡವಾಗಿತ್ತು.

ಅದರ ಮಾರನೆಯ ಬೆಳಿಗ್ಗೆ ನಾನು ಹಜಾರದಲ್ಲಿ ಸ್ಲೈಡು ತೊಳೆಯುತ್ತಿದ್ದಾಗ ಒಳಗಿನಿಂದ ಒಂದು ಕೂಗು ಬಂತು. ಅಕ್ಕ ಕೂಗಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಓಡಿ ಹೋದರೆ ಅವರು ತೋರುಬೆರಳನ್ನು ಹಿಡಿದುಕೊಂಡು ನಿಂತಿದ್ದಾರೆ, ಬೆರಳ ತುದಿಯಲ್ಲಿ ಕೆಂಪು ಹನಿ, ಪಂಜರದ ಮುಚ್ಚಳ ನೆಲದ ಮೇಲೆ.

"ಕಚ್ತು ಕಣೋ! ಹೇಗ್ ಕಚ್ತು ಗೊತ್ತಾ!" ಹೇಳುತ್ತ ಹೇಳುತ್ತ ನಗು ಬಂದು ಅವರಿಗೆ ಮಾತು ಮುಂದುವರಿಯಲಿಲ್ಲ. "ಬಾಗ್ಲು ಹಾಕು, ಬಾಗ್ಲು ಹಾಕು ಮೊದ್ಲು. ಕೆಳಗಿದೆ."

ಬಾಗಿಲು ಹಾಕಿದೆ. ಇಬ್ಬರೂ ಮೊಣಕಾಲೂರಿ ಕಪಾಟಿನ ಅಡಿಗೆ ಬಗ್ಗಿದೆವು. ಕಿಟಕಿಯಿಂದ ಮಂಜಿನ ಬೆಳಕು ನೆಲದ ಮೇಲೆ ಹಾಲಿನಂತೆ ಹರಡಿತ್ತು. ಧೂಳು, ಹೊಟ್ಟು, ಅಣ್ಣನ ಹಳೆಯ ಬೀಡಿ ತುಂಡು. ಅದರಾಚೆ, ಗೋಡೆಯ ಬದಿಗೆ, ಹಳದಿ ತಲೆಯೊಂದು ಸರ್ರನೆ ಎಡಕ್ಕೆ ಓಡಿ, ನಿಂತು, ಮೀಸೆ ಅಲ್ಲಾಡಿಸಿ, ಮತ್ತೆ ಬಲಕ್ಕೆ ಓಡಿತು.

"ಹಿಡೀಲಾ ಅಕ್ಕ?"

"ಹಿಡೀವಿಯಂತೆ ಇರು" ಎಂದರು ಅಕ್ಕ, ಕೆನ್ನೆಯನ್ನು ತಣ್ಣನೆಯ ನೆಲಕ್ಕೆ ಆನಿಸಿ. "ಸ್ವಲ್ಪ ಓಡ್ಲಿ."